ಹೊಟ್ಟೆ, ಬೆನ್ನ ಮೇಲೆ ಕೆಂಪು ಚುಕ್ಕೆಗಳು ಜಾಸ್ತಿ ಆಗ್ತಿವೆ, ಹೆದರಬೇಕಾ?

ಪ್ರಶ್ನೆ:
ನನಗೆ 54 ವರ್ಷ. ಮೂರ್ನಾಲ್ಕು ವರ್ಷದ ಹಿಂದೆ ಹೊಟ್ಟೆ ಮೇಲೆ ಒಂದು ಕೆಂಪು ಚುಕ್ಕೆ ಕಂಡಿತು. ಏನೋ ಕಚ್ಚಿರಬೇಕು ಅಂತ ಸುಮ್ಮನಾದೆ. ಅದು ಹೋಗಲೇ ಇಲ್ಲ. ನಿನ್ನೆ ಕನ್ನಡಿ ಮುಂದೆ ನಿಂತು ಎಣಿಸಿದೆ, ಎಲ್ಲಾ ಸೇರಿ ಹದಿನೇಳು! ಗುಂಡುಪಿನ್ನಿನ ತಲೆಯಷ್ಟು ಗಾತ್ರ. ನೋವಿಲ್ಲ, ತುರಿಕೆಯಿಲ್ಲ. ಆದರೆ ಮೊನ್ನೆ ಮೈ ಒರೆಸುವಾಗ ಟವೆಲ್ ಉಜ್ಜಿ ಒಂದರಿಂದ ರಕ್ತ ಬಂತು. ಇಷ್ಟು ಚಿಕ್ಕದರಿಂದ ಅಷ್ಟು ರಕ್ತವಾ ಅಂತ ಕೈಕಾಲು ತಣ್ಣಗಾಯಿತು. ಅವತ್ತಿನಿಂದ ನಿದ್ದೆ ಸರಿಯಿಲ್ಲ. ಯಾರಿಗಾದರೂ ಹೀಗೆ ಆಗಿದೆಯಾ?

ಉತ್ತರ 1:
ಮೇಡಂ, ನನಗೆ 61. ನನ್ನ ಮೈಮೇಲೆ ನಿಮಗಿಂತ ಜಾಸ್ತಿ ಇವೆ. ನೀವು ಹೇಳುವುದು ನೋಡಿದರೆ ಚೆರ್ರಿ ಆಂಜಿಯೋಮಾ ಅನಿಸುತ್ತದೆ. ಚರ್ಮದೊಳಗಿನ ತೀರಾ ಸಣ್ಣ ರಕ್ತನಾಳಗಳು ಒಂದೇ ಕಡೆ ಬೆಳೆದು ಗುಂಪಾಗುತ್ತವೆ, ಅಷ್ಟೇ. ಅದಕ್ಕೇ ಗೀರಿದರೆ ರಕ್ತ ಬರುವುದು. ಶುಭ್ರ ಬಟ್ಟೆಯಿಂದ ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ನಿಲ್ಲುತ್ತದೆ. ಸಾಮಾನ್ಯವಾಗಿ ಮೂವತ್ತು ದಾಟಿದ ಮೇಲೆ ಶುರುವಾಗಿ ವಯಸ್ಸಾದಂತೆ ಹೆಚ್ಚುತ್ತವೆ. ಅಂಟುವುದಿಲ್ಲ, ಕ್ಯಾನ್ಸರ್ ಆಗಿ ತಿರುಗುವುದಿಲ್ಲ. 19ನೇ ಶತಮಾನದ ಇಂಗ್ಲಿಷ್ ಸರ್ಜನ್ ಕ್ಯಾಂಪ್‌ಬೆಲ್ ಡಿ ಮಾರ್ಗನ್ ಇವಕ್ಕೂ ಕ್ಯಾನ್ಸರ್‌ಗೂ ಸಂಬಂಧವಿದೆ ಅಂದುಕೊಂಡಿದ್ದರು. ಅದು ತಪ್ಪು ಅಂತ ಆಮೇಲೆ ಗೊತ್ತಾಯಿತು, ಅವರ ಹೆಸರು ಮಾತ್ರ ಈ ಚುಕ್ಕೆಗೆ ಉಳಿದುಕೊಂಡಿದೆ.

ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ನನ್ನ ಸೊಂಟದ ಹತ್ತಿರ ಬೆಲ್ಟ್ ಉಜ್ಜುವ ಜಾಗದಲ್ಲಿದ್ದ ಒಂದು ಚುಕ್ಕೆ ಇದ್ದಕ್ಕಿದ್ದಂತೆ ಕಪ್ಪಾಯಿತು. ಆ ರಾತ್ರಿ ನಾನೂ ಮಲಗಲಿಲ್ಲ. ಬೆಳಿಗ್ಗೆ ಚರ್ಮದ ಡಾಕ್ಟರ್ ಹತ್ತಿರ ಓಡಿದೆ. ಅವರು ಡರ್ಮೋಸ್ಕೋಪ್ ಅನ್ನುವ ದೀಪವಿರುವ ಭೂತಗನ್ನಡಿಯನ್ನು ಅದರ ಮೇಲಿಟ್ಟು, ನನ್ನನ್ನೂ ಬಗ್ಗಿ ನೋಡಲು ಹೇಳಿದರು. ಕೆಂಪು-ನೇರಳೆ ಬಣ್ಣದ ಪುಟ್ಟ ಪುಟ್ಟ ಉಂಡೆಗಳು ಗೊಂಚಲಾಗಿದ್ದವು, ನಡುವೆ ಒಂದೆರಡು ಮಾತ್ರ ಕಪ್ಪು. ಒಳಗೆ ರಕ್ತ ಹೆಪ್ಪುಗಟ್ಟಿದೆ, ಬೇರೇನಿಲ್ಲ ಅಂದರು. ಹಾಗಂತ ಕಪ್ಪಾದದ್ದನ್ನು ಮನೆಯಲ್ಲೇ ತೀರ್ಮಾನ ಮಾಡಬೇಡಿ, ತೋರಿಸಿಯೇ ತೋರಿಸಿ.

ಉತ್ತರ 2:
ಮೇಲಿನವರು ಹೇಳಿದ್ದು ಸರಿ. ನಾನು ನರ್ಸ್, ಒಂದು ಮಾತು ಸೇರಿಸುತ್ತೇನೆ. ಚರ್ಮಕ್ಕೆ ಸಮವಾಗಿ, ಒತ್ತಿದರೂ ಮಾಸದ ಸಣ್ಣ ಕೆಂಪು ಚುಕ್ಕೆಗಳು ಒಮ್ಮೆಲೇ ಕಾಲಿನ ತುಂಬಾ ಬಂದರೆ, ಜೊತೆಗೆ ಜ್ವರ ಇದ್ದರೆ, ಅದು ಬೇರೆ ವಿಷಯ. ಅವತ್ತೇ ಆಸ್ಪತ್ರೆಗೆ ಹೋಗಬೇಕು. ಕೆಲವೇ ವಾರದಲ್ಲಿ ದೊಡ್ಡದಾಗಿ ಪದೇ ಪದೇ ರಕ್ತ ಸುರಿಯುವ ಗಂಟನ್ನೂ ತೋರಿಸಬೇಕು.

ಉತ್ತರ 3:
ಅಕ್ಕಾ, ನಾನು ಕುತ್ತಿಗೆಯ ಮೂರು ತೆಗೆಸಿದೆ, ಸರ ತಾಗುತ್ತಿತ್ತು. ಕರೆಂಟ್‌ನಿಂದ ಸುಡುತ್ತಾರೆ, ಲೇಸರ್‌ನಲ್ಲೂ ತೆಗೆಯುತ್ತಾರೆ. ಚುರ್ ಅಂತು, ಆಮೇಲೆ ಹಕ್ಕಳೆ ಕಟ್ಟಿ ಉದುರಿತು. ತೊಂದರೆ ಕೊಡದಿದ್ದರೆ ತೆಗೆಸಬೇಕಾಗಿಲ್ಲ. ದಾರ ಕಟ್ಟುವುದು, ಬ್ಲೇಡ್ ತಾಗಿಸುವುದು ಮಾತ್ರ ಬೇಡವೇ ಬೇಡ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಈಗಷ್ಟೇ ನಮ್ಮನೆಯವರು ಟಾರ್ಚ್ ಹಿಡಿದು ನನ್ನ ಬೆನ್ನು ನೋಡಿದರು. ಭುಜದ ಕೆಳಗಿನ ಒಂದು ಉಳಿದವಕ್ಕಿಂತ ಕಪ್ಪಗಿದೆಯಂತೆ. ಗುರುವಾರ ಡಾಕ್ಟರ್ ಹತ್ತಿರ ಹೋಗುತ್ತಿದ್ದೇನೆ. ಏನಂದರು ಅಂತ ಇಲ್ಲೇ ಬರೆಯುತ್ತೇನೆ.