ಸ್ಲೀಪ್‌ನಲ್ಲಿದ್ದಾಗ ಕರೆಂಟು ಹೋದರೆ ತೆರೆದಿಟ್ಟದ್ದೆಲ್ಲ ಮಾಯ: ಪವರ್ ಸಪ್ಲೈ ದೋಷವೇ?

ರಾತ್ರಿಪಾಳಿ:
ಕೆಲಸ ಮುಗಿದ ಮೇಲೆ ಡೆಸ್ಕ್‌ಟಾಪನ್ನು ಸ್ಲೀಪ್‌ಗೆ ಹಾಕಿ ಏಳುವುದು ನನ್ನ ಹಳೆಯ ಅಭ್ಯಾಸ. ಮೊನ್ನೆ ರಾತ್ರಿ ಕರೆಂಟು ಹೋಗಿ ಬಂದಿತ್ತು. ಬೆಳಿಗ್ಗೆ ಬಟನ್ ಒತ್ತಿದರೆ ವಿಂಡೋಸ್ ಮೊದಲಿನಿಂದ ಶುರುವಾಯಿತು, ಸೇವ್ ಮಾಡದೆ ಬಿಟ್ಟಿದ್ದ ಎರಡು ಕಡತಗಳು ಹೋದವು. ಯಂತ್ರದ ಘಟನೆಗಳ ದಾಖಲೆ ತೋರಿಸುವ ಈವೆಂಟ್ ವ್ಯೂವರ್‌ನಲ್ಲಿ ಕರ್ನಲ್-ಪವರ್ 41 ಎಂಬ ದಾಖಲೆ ಇದೆ. ಆಶ್ಚರ್ಯವೆಂದರೆ, ಕಳೆದ ವರ್ಷವೂ ಹೀಗೇ ಆಗಿತ್ತು. ಆಗ ಇದೇ ಯಂತ್ರ ಎಲ್ಲವನ್ನೂ ಇದ್ದ ಹಾಗೆ ತೆರೆದುಕೊಟ್ಟಿತ್ತು. ಪವರ್ ಸಪ್ಲೈ ಕೆಡುತ್ತಿದೆಯೇ? ವಿಂಡೋಸ್ 10, 32 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ.

ಹೊಸಹುರುಪು:
ಮದರ್‌ಬೋರ್ಡ್ ಮೇಲಿನ ಬಿಲ್ಲೆ ಬ್ಯಾಟರಿ ಸತ್ತಿರಬೇಕು. ಬದಲಾಯಿಸಿ ನೋಡಿ.

ಹಳೆಯಬೋರ್ಡು:
ಬ್ಯಾಟರಿಗೆ ಇದರಲ್ಲಿ ಪಾತ್ರವೇ ಇಲ್ಲ. ಆ ಸಿಆರ್2032 ಗಡಿಯಾರವನ್ನು ನಡೆಸುತ್ತದೆ, ಹಳೆಯ ಬೋರ್ಡುಗಳಲ್ಲಾದರೆ ಬಯೋಸ್ (ವಿಂಡೋಸಿಗೂ ಮೊದಲು ಯಂತ್ರವನ್ನು ಎಬ್ಬಿಸುವ, ಬೋರ್ಡಿನಲ್ಲೇ ಇರುವ ತಂತ್ರಾಂಶ) ಸೆಟ್ಟಿಂಗುಗಳನ್ನೂ ಕಾಯುತ್ತದೆ. ರ‍್ಯಾಮನ್ನು ಸಾಕುವ ತ್ರಾಣ ಅದಕ್ಕಿಲ್ಲ. ರ‍್ಯಾಮಿನ ಕೋಶಗಳು ತೂತು ಬಿಂದಿಗೆಯಿದ್ದಂತೆ, ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೊಮ್ಮೆ ತುಂಬುತ್ತಲೇ ಇರಬೇಕು. ಸ್ಲೀಪ್‌ನಲ್ಲಿ, ಅಂದರೆ ಎಸ್3 ಸ್ಥಿತಿಯಲ್ಲಿ, ಪ್ರೊಸೆಸರ್, ಡಿಸ್ಕ್, ಫ್ಯಾನು ಎಲ್ಲ ನಿಂತರೂ ಪವರ್ ಸಪ್ಲೈಯ 5 ವೋಲ್ಟ್ ಸ್ಟ್ಯಾಂಡ್‌ಬೈ ಸಾಲು ಈ ತುಂಬುವ ಕೆಲಸಕ್ಕೆ ವಿದ್ಯುತ್ ಕೊಡುತ್ತಿರುತ್ತದೆ. ಗೋಡೆಯ ವಿದ್ಯುತ್ ನಿಂತರೆ ಅದೂ ನಿಂತಿತು. ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ, ಡೆಸ್ಕ್‌ಟಾಪಿಗೆ ಯಾರಿದ್ದಾರೆ?

41 ಕಂಡು ಗಾಬರಿಯಾಗಬೇಡಿ. ಸರಿಯಾಗಿ ಶಟ್‌ಡೌನ್ ಆಗದೆ ಯಂತ್ರ ಮತ್ತೆ ಶುರುವಾಯಿತು ಎಂದಷ್ಟೇ ಅದರ ಅರ್ಥ. ಕಾರಣವನ್ನು ಅದು ಹೇಳುವುದಿಲ್ಲ.

ನನಗೆ ಕುತೂಹಲವಿರುವುದು ಕಳೆದ ವರ್ಷದ ಸಂಗತಿಯ ಬಗ್ಗೆ. ಡೆಸ್ಕ್‌ಟಾಪುಗಳಲ್ಲಿ ವಿಂಡೋಸ್ ಸಾಮಾನ್ಯವಾಗಿ ಹೈಬ್ರಿಡ್ ಸ್ಲೀಪ್ ಇಟ್ಟಿರುತ್ತದೆ: ಮಲಗುವ ಮುನ್ನ ರ‍್ಯಾಮಿನಲ್ಲಿದ್ದುದರ ಒಂದು ಪ್ರತಿಯನ್ನು ಹೈಬರ್‌ಫಿಲ್.ಸಿಸ್ ಎಂಬ ಕಡತಕ್ಕೆ ಬರೆಯುತ್ತದೆ. ಕರೆಂಟು ಉಳಿದಿದ್ದರೆ ರ‍್ಯಾಮಿನಿಂದ ತಕ್ಷಣ ಏಳುತ್ತದೆ, ಹೋಗಿದ್ದರೆ ಡಿಸ್ಕಿನಿಂದ ನಿಧಾನವಾಗಿ ಏಳುತ್ತದೆ. ಅಂದು ನಿಮ್ಮನ್ನು ಉಳಿಸಿದ್ದು ಅದೇ ಇರಬೇಕು. ಈ ನಡುವೆ ಏನನ್ನಾದರೂ ಅಳಿಸಿದಿರಾ? ಕಮಾಂಡ್ ಪ್ರಾಂಪ್ಟಿನಲ್ಲಿ ಪವರ್‌ಸಿಎಫ್‌ಜಿ /ಎ ಕೊಟ್ಟು, ಬಂದದ್ದನ್ನು ಇಲ್ಲಿ ಹಾಕಿ.

ರಾತ್ರಿಪಾಳಿ:
ಸಿಕ್ಕಿಬಿದ್ದೆ. ಎಸ್3 ಲಭ್ಯ, ಹೈಬರ್ನೇಟ್ (ಎಲ್ಲವನ್ನೂ ಡಿಸ್ಕಿಗೆ ಬರೆದು ಪೂರ್ತಿ ಆರುವುದು) ಮತ್ತು ಹೈಬ್ರಿಡ್ ಸ್ಲೀಪ್ ಎರಡೂ ಇಲ್ಲ, ಹೈಬರ್ನೇಶನ್ ಸಕ್ರಿಯವಾಗಿಲ್ಲ ಎನ್ನುತ್ತಿದೆ. ಕೆಲವು ತಿಂಗಳ ಹಿಂದೆ ಎಸ್‌ಎಸ್‌ಡಿ ತುಂಬಿತ್ತು. ನೀವು ಹೇಳಿದ ಆ ಹೈಬರ್‌ಫಿಲ್.ಸಿಸ್ ಒಂದೇ ಸುಮಾರು 13 ಜಿಬಿ ನುಂಗಿ ಕುಳಿತಿತ್ತು. ಎಲ್ಲೋ ಓದಿ, ಅದನ್ನು ತೆಗೆಯಲು ಪವರ್‌ಸಿಎಫ್‌ಜಿ /ಎಚ್ ಆಫ್ ಕೊಟ್ಟಿದ್ದೆ.

ಹಳೆಯಬೋರ್ಡು:
ಜಾಗ ಉಳಿಸುವ ಸಲಹೆಗಳಲ್ಲಿ ಇದು ಯಾವಾಗಲೂ ಮೊದಲ ಸಾಲಿನಲ್ಲಿರುತ್ತದೆ, ಏನು ಕಳೆದುಕೊಳ್ಳುತ್ತೀರಿ ಎಂಬುದನ್ನು ಮಾತ್ರ ಯಾರೂ ಬರೆಯುವುದಿಲ್ಲ. ಆ ಕಡತ ಸಾಮಾನ್ಯವಾಗಿ ರ‍್ಯಾಮಿನ ಶೇ. 40ರಷ್ಟಿರುತ್ತದೆ, ನಿಮ್ಮ ಲೆಕ್ಕ ಸರಿಯಾಗಿದೆ.

ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಪವರ್‌ಸಿಎಫ್‌ಜಿ /ಎಚ್ ಆನ್ ಕೊಡಿ, ಬಳಿಕ ಪವರ್‌ಸಿಎಫ್‌ಜಿ /ಎಚ್ /ಟೈಪ್ ಫುಲ್. ಎರಡನೆಯದು ಏಕೆಂದರೆ ರೆಡ್ಯೂಸ್ಡ್ ಎಂಬ ಚಿಕ್ಕ ಬಗೆಯೂ ಇದೆ. ಅದು ಶಟ್‌ಡೌನ್ ಬಳಿಕ ಯಂತ್ರವನ್ನು ಬೇಗ ಶುರುಮಾಡುವ ಫಾಸ್ಟ್ ಸ್ಟಾರ್ಟಪ್‌ಗೆ ಸಾಕು, ನಿಮಗೆ ಸಾಲದು. ಆಮೇಲೆ ಪವರ್ ಆಪ್ಷನ್ಸ್‌ನ ಸುಧಾರಿತ ಸೆಟ್ಟಿಂಗುಗಳಲ್ಲಿ, ಸ್ಲೀಪ್ ಅಡಿಯಲ್ಲಿ, ಹೈಬ್ರಿಡ್ ಸ್ಲೀಪ್ ಆನ್ ಆಗಿದೆಯೇ ನೋಡಿ.

ಪರೀಕ್ಷಿಸುವಾಗ ಎಲ್ಲವನ್ನೂ ಸೇವ್ ಮಾಡಿ, ಮುಖ್ಯವಲ್ಲದ ಕಿಟಕಿಯೊಂದನ್ನು ತೆರೆದಿಟ್ಟು ಮಲಗಿಸಿ. ಪರದೆ ಕಪ್ಪಾದರೂ ಫ್ಯಾನು ತಿರುಗುತ್ತಿದ್ದರೆ ಬರೆಯುವ ಕೆಲಸ ಇನ್ನೂ ನಡೆದಿದೆ ಎಂದರ್ಥ. ಆ ಹೊತ್ತಿನಲ್ಲಿ ವಿದ್ಯುತ್ ತೆಗೆದರೆ ಪ್ರತಿ ಅರ್ಧಕ್ಕೇ ನಿಲ್ಲುತ್ತದೆ. ಪೂರ್ತಿ ನಿಶ್ಶಬ್ದವಾದ ಮೇಲೆ ಹಿಂಬದಿಯ ಸ್ವಿಚ್ ಆರಿಸಿ, ಒಂದು ನಿಮಿಷ ಬಿಟ್ಟು ಹಾಕಿ.

ರಾತ್ರಿಪಾಳಿ:
ಮಾಡಿದೆ. ಬಟನ್ ಒತ್ತಿದಾಗ ತಯಾರಕರ ಲಾಂಛನ ಬಂತು, ಎದೆ ಧಸಕ್ಕೆಂದಿತು, ಆದರೆ ತೆರೆದಿಟ್ಟ ಕಿಟಕಿ ಹಾಗೆಯೇ ಇತ್ತು! ಹೋದ ಎರಡು ಕಡತಗಳಲ್ಲಿ ಒಂದರ ತಾನಾಗಿ ಸೇವ್ ಆಗಿದ್ದ ಪ್ರತಿಯೂ ಸಿಕ್ಕಿತು. ಕೊನೆಯದೊಂದು ಪ್ರಶ್ನೆ: ಕರೆಂಟು ಬಂದಾಗ ಇದು ತಾನಾಗಿಯೇ ಎದ್ದು ರಾತ್ರಿಯಿಡೀ ಉರಿಯುವುದಿಲ್ಲ ತಾನೆ?

ಹಳೆಯಬೋರ್ಡು:
ಅದು ವಿಂಡೋಸಿನ ಕೈಯಲ್ಲಿಲ್ಲ. ಬಯೋಸಿನಲ್ಲಿ ವಿದ್ಯುತ್ ಮರಳಿದಾಗ ಏನು ಮಾಡಬೇಕೆಂಬ ಆಯ್ಕೆಯಿರುತ್ತದೆ. ಹೆಸರು ಬೋರ್ಡಿನಿಂದ ಬೋರ್ಡಿಗೆ ಬೇರೆ. ‘ಪವರ್ ಆಫ್’ ಎಂದಿಡಿ. ‘ಲಾಸ್ಟ್ ಸ್ಟೇಟ್’ (ಕರೆಂಟು ಹೋಗುವ ಮುನ್ನ ಇದ್ದ ಸ್ಥಿತಿಗೆ ಮರಳುವುದು) ಬೇಡ.