ಹಿಂಡಲಗಾ ಕಡೆ ರೋ ಹೌಸ್ ತಗೋಬಹುದಾ?

ಪ್ರಶ್ನೆ: ಬೆಳಗಾವಿಯ ಹಿಂಡಲಗಾ ಹತ್ತಿರ ಹನ್ನೆರಡು ರೋ ಹೌಸ್ (ಗೋಡೆಗೆ ಗೋಡೆ ಹಚ್ಚಿದ ಸಾಲು ಮನೆ) ಕಟ್ಟುತ್ತಿದ್ದಾರೆ. ನಡುವಿನದೊಂದು ನೋಡಿದ್ದೇವೆ. ಅತ್ತೆಯವರಿಗೆ ಫ್ಲ್ಯಾಟ್ ಬೇಡವೇ ಬೇಡ, ತುಳಸಿ ಕಟ್ಟೆಗೆ ಅಂಗಳ ಬೇಕಂತೆ. ಜಾಗ ಪೂರ್ತಿ ನಮ್ಮದೇ ಆಗುತ್ತಾ? ಮುಂದೆ ಇನ್ನೊಂದು ಮಹಡಿ ಏರಿಸಬಹುದಾ?

ಉತ್ತರ: ಅಕ್ಕಾ, ಖರೀದಿ ಪತ್ರ ನೋಡಿ. ನಿಮ್ಮ ಜಾಗದ ಅಳತೆ, ಚೆಕ್ಕುಬಂದಿ ಬೇರೆಯಾಗಿ ಬರೆದಿದ್ದರೆ ಜಾಗ ನಿಮ್ಮದು. ‘ಅವಿಭಾಜ್ಯ ಪಾಲು’ (ಎಲ್ಲರ ಜಾಗದಲ್ಲಿ ಬೇರ್ಪಡಿಸದ ಒಂದು ಪಾಲು) ಅಂತಿದ್ದರೆ ಹೆಸರಷ್ಟೇ ರೋ ಹೌಸ್, ವ್ಯವಹಾರ ಫ್ಲ್ಯಾಟಿನದೇ. ಪಂಚಾಯತಿ ಹದ್ದಾದರೆ ಇ-ಸ್ವತ್ತಿನ (ಪಂಚಾಯತಿ ಆಸ್ತಿಗಳ ಆನ್‌ಲೈನ್ ದಾಖಲೆ) ನಮೂನೆ 9, 11ಎ ಕೇಳಿ. ವಕೀಲರಿಗೆ ತೋರಿಸದೆ ಟೋಕನ್ ಕೊಡಬೇಡಿ.

ಉತ್ತರ: ನಾನು ಭಾಗ್ಯನಗರದಲ್ಲಿ ಇಂಥ ಮನೆಯಲ್ಲೇ ಇದ್ದೇನೆ. ನಡುಗೋಡೆ ಇಬ್ಬರದು ರೀ. ಪಕ್ಕದವರ ಟೆರೇಸ್ ನೀರು ಇಳಿದರೆ ನಮ್ಮ ಕಪಾಟಿನ ಬಟ್ಟೆಗೆ ಬೂಷ್ಟು. ಬೆಳಗಾವಿ ಮಳೆ ಗೊತ್ತಲ್ವಾ! ರಿಪೇರಿ ಖರ್ಚು ಯಾರದು ಅಂತ ಮೊದಲೇ ಬರೆಸಿಕೊಳ್ಳಿ. ಮಹಡಿಗೆ ಗಟ್ಟಿ ಪಾಯ, ಪರವಾನಗಿ ಎರಡೂ ಬೇಕು. ಬಿಲ್ಡರ್ ಬಾಯಿಮಾತು ಸುಮ್ನೆ.

ಉತ್ತರ: ಹನ್ನೆರಡು ಮನೆ, 500 ಚದರ ಮೀಟರಿಗಿಂತ ಜಾಸ್ತಿ ಜಾಗ ಅಂದರೆ ರೇರಾ (ಮನೆ ಕೊಳ್ಳುವವರ ರಕ್ಷಣೆಯ ಕಾಯ್ದೆ) ನೋಂದಣಿ ಬೇಕೇ ಬೇಕು. ಸ್ವಾಧೀನ ಕೊಟ್ಟ 5 ವರ್ಷದೊಳಗೆ ಕಟ್ಟಡದ ದೋಷ ತಿಳಿಸಿದರೆ ಬಿಲ್ಡರ್ 30 ದಿನದಲ್ಲಿ ಪುಕ್ಕಟೆ ಸರಿಪಡಿಸಬೇಕು.

ಪ್ರಶ್ನೆ ಕೇಳಿದವರು: ಅತ್ತೆಗೆ ಓದಿ ಹೇಳಿದೆ. ‘ಹಂಗಾದ್ರ ಮೂಲಿ ಮನಿ ಕೇಳು, ಒಂದೇ ಕಡೆ ಜಗಳ’ ಅಂದರು. ಅದರ ರೇಟ್ ಕೇಳಿ ತಿಳಿಸುತ್ತೇನೆ.