ಅಮೆರಿಕದ ಹಳೆಯ ಕಾಲದ ಚಿತ್ರಕಥೆಗಳಲ್ಲಿ ಒಂಬತ್ತನೇ ತರಗತಿಯವರಿಗೆ ಯಾವುದನ್ನು ಕೊಡಲಿ?

ಬಂಗಾರಪೇಟೆ ಟೀಚರ್

ಬಂಗಾರಪೇಟೆಯಿಂದ ಕೆಜಿಎಫ್‌ಗೆ ಹೋಗುವ ದಾರಿಯಲ್ಲಿರುವ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ನನ್ನ ತಾತ ಚಾಂಪಿಯನ್ ರೀಫ್ ಗಣಿಯಲ್ಲಿ ಇಪ್ಪತ್ತೆಂಟು ವರ್ಷ ದುಡಿದವರು. ಕೇಜ್ ಹತ್ತಿ ನೆಲದಡಿಗೆ ಇಳಿದರೆ ಸೆಕೆಗೆ ಅಂಗಿ ಮೈಗೆ ಅಂಟಿಕೊಳ್ಳುತ್ತಿತ್ತಂತೆ. ನನಗೆ ಬುದ್ಧಿ ಬಂದಾಗಿನಿಂದ ಅವರ ಕೆಮ್ಮು ಕೇಳಿಯೇ ಬೆಳೆದೆ.

ಕಳೆದ ತಿಂಗಳು ಒಬ್ಬ ಹುಡುಗ ರಾಬರ್ಟ್‌ಸನ್‌ಪೇಟೆಯ ಮಾವನ ಮನೆಯಿಂದ ಒಂದು ಕಟ್ಟು ತಮಿಳು ಕಾಮಿಕ್ಸ್ ತಂದ. ಶಿವಕಾಶಿಯಿಂದ ಬರುವ, ಟೆಕ್ಸ್ ವಿಲ್ಲರ್ ಎಂಬ ಅಮೆರಿಕದ ಕೌಬಾಯ್ ನಾಯಕನ ಕಥೆಗಳು. ತಮಿಳು ಓದಲು ಬಾರದ ಮಕ್ಕಳೂ ಮಧ್ಯಾಹ್ನದ ಊಟ ಮುಗಿಸಿ ಅದರ ಸುತ್ತ ಕೂತುಬಿಟ್ಟರು. ಒಂದು ಪುಟದಲ್ಲಿ ಗಡ್ಡದ ಮುದುಕನೊಬ್ಬ ಹೊಳೆಯಲ್ಲಿ ಮಂಡಿಯೂರಿ, ನಮ್ಮ ಮನೆಗಳಲ್ಲಿ ಅಕ್ಕಿ ಜಾಲಿಸುವ ಹಾಗೆ, ತಟ್ಟೆಯಲ್ಲಿ ಮರಳು ಜಾಲಿಸುತ್ತಿದ್ದಾನೆ. ತಳದಲ್ಲಿ ಚಿನ್ನ. ಒಬ್ಬಳು ಕೇಳಿದಳು: "ಮಿಸ್, ಹೊಳೆಯಲ್ಲೇ ಚಿನ್ನ ಸಿಗುವುದಾದರೆ ಅಲ್ಲಿ ಯಾರೂ ಗಣಿಗೆ ಇಳಿಯಲೇ ಇಲ್ಲವೇ?"

ಆ ಪ್ರಶ್ನೆ ನನ್ನನ್ನು ಬಿಡುತ್ತಿಲ್ಲ. ಕುದುರೆ, ಬಂದೂಕು, ಟೋಪಿ ಬಿಟ್ಟು ಆ ದೇಶದ ಹಿಂದಿನ ದಿನಗಳನ್ನು ನಿಜವಾಗಿ ತೋರಿಸುವ ಚಿತ್ರಕಾದಂಬರಿಗಳು ಬೇಕು. ಇಂಗ್ಲಿಷ್ ಸುಲಭವಾಗಿರಲಿ. ಮೊದಲು ಯಾವುದನ್ನು ಕೊಳ್ಳಲಿ? ನನ್ನ ಕೈಯಿಂದಲೇ ಹಣ ಹಾಕುತ್ತೇನೆ.

ಚಿಂತಾಮಣಿ ಓದುಗ

ಮೇಡಂ, ಟೆಕ್ಸ್‌ನನ್ನು ಪೂರ್ತಿ ದೂರ ಇಡಬೇಡಿ. 1948ರಲ್ಲಿ ಇಟಲಿಯ ಬೊನೆಲ್ಲಿ ಬರೆದು ಗಲೆಪ್ಪಿನಿ ಚಿತ್ರಿಸಿದ ಆ ನಾಯಕ ಅಮೆರಿಕದ ಮೂಲನಿವಾಸಿಗಳಾದ ನವಾಹೊ ಬುಡಕಟ್ಟಿನ ಹೆಣ್ಣನ್ನು ಮದುವೆಯಾಗಿ ಆ ಜನರ ಮುಖಂಡನೇ ಆಗುತ್ತಾನೆ. ಅಂಥದೇ ಕೌಬಾಯ್ ಕಾಮಿಕ್ಸ್‌ಗಳಲ್ಲಿ ಲಕಿ ಲ್ಯೂಕ್ ಬೆಲ್ಜಿಯಂನವನ ಕೈಚಳಕ, ಬ್ಲೂಬೆರಿ ಬೆಲ್ಜಿಯಂನ ಬರಹಗಾರ ಮತ್ತು ಫ್ರಾನ್ಸಿನ ಚಿತ್ರಕಾರ ಸೇರಿ ಮಾಡಿದ್ದು. ನಾವು ಕಣ್ತುಂಬಿಕೊಂಡ ಆ ಪಶ್ಚಿಮ ಸೀಮೆಯಲ್ಲಿ ಬಹುಪಾಲು ಯುರೋಪಿನಲ್ಲಿ ಕೂತು ಕಂಡ ಕನಸು. ಮಕ್ಕಳಿಗೆ ಇದನ್ನೇ ಮೊದಲು ಹೇಳಿ.

ಆಮೇಲೆ 'ಮಾರ್ಚ್' ಕೊಡಿ, ಬೇರೆ ಯೋಚನೆಯೇ ಬೇಡ. ಮೂರು ಸಂಪುಟ, 2013ರಿಂದ 2016ರವರೆಗೆ ಬಂದವು. ಕರಿಯರ ನಾಗರಿಕ ಹಕ್ಕುಗಳಿಗಾಗಿ ಹೋರಾಡಿದ ಜಾನ್ ಲೂಯಿಸ್ ತಮ್ಮದೇ ಬದುಕನ್ನು ಆಂಡ್ರೂ ಐಡಿನ್ ಜೊತೆಗೂಡಿ ಹೇಳಿದ್ದಾರೆ; ಚಿತ್ರ ನೇಟ್ ಪೊವೆಲ್ ಅವರದು, ಪೂರ್ತಿ ಕಪ್ಪುಬಿಳುಪು. 1965ರ ಮಾರ್ಚ್ 7ರಂದು ಅಲಬಾಮ ರಾಜ್ಯದ ಸೆಲ್ಮಾ ಊರಿನ ಸೇತುವೆಯಲ್ಲಿ ಹೋರಾಟಗಾರರ ಮೆರವಣಿಗೆಯ ಮೇಲೆ ಪೊಲೀಸರು ಲಾಠಿ ಬೀಸಿದಾಗ ಲೂಯಿಸ್ ತಲೆ ಒಡೆದಿತ್ತು. ಕಥೆ ಆ ಸೇತುವೆಯಿಂದಲೇ ಶುರುವಾಗುತ್ತದೆ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಕೋಳಿಗಳ ಪುಟಗಳು. ಅಲಬಾಮದ ಹಳ್ಳಿಯಲ್ಲಿ ಕೋಳಿ ನೋಡಿಕೊಳ್ಳುವುದು ಬಾಲಕ ಲೂಯಿಸ್‌ನ ಪಾಲಿಗೆ ಬಂದ ಕೆಲಸ. ಕಾವಿಗೆ ಕೂತ ಕೋಳಿಯ ಗೂಡಿನಲ್ಲಿ ಬೇರೆ ಕೋಳಿ ಬಂದು ಮೊಟ್ಟೆ ಇಟ್ಟರೆ ಹೊಸದು ಯಾವುದೆಂದು ತಿಳಿಯಲಿ ಎಂದು ಹಳೆಯವಕ್ಕೆ ಪೆನ್ಸಿಲ್‌ನಿಂದ ಗುರುತು ಮಾಡುತ್ತಾನೆ. ಸಂಜೆ ಅವುಗಳ ಮುಂದೆ ನಿಂತು ಧರ್ಮೋಪದೇಶ ಮಾಡುತ್ತಾನೆ. ನಮ್ಮ ಕಡೆಯ ಮಕ್ಕಳಿಗೆ ಇದನ್ನು ವಿವರಿಸಿ ಹೇಳಬೇಕೇ?

ಒಂದು ಎಚ್ಚರಿಕೆ: ಬೈಗುಳ ಇದೆ, ರಕ್ತ ಇದೆ. ಮೂರನೆಯ ಸಂಪುಟವನ್ನು ನೀವು ಓದಿದ ಮೇಲೆಯೇ ಕೊಡಿ.

ಹಣ ಖರ್ಚು ಮಾಡುವ ಮೊದಲು ಇನ್ನೊಂದು ನೋಡಿ. ಬಸ್ಸಿನಲ್ಲಿ ಕರಿಯರನ್ನು ಬೇರೆ ಕೂರಿಸುವುದನ್ನು ವಿರೋಧಿಸಿ ಅಲಬಾಮದ ಮಾಂಟ್ಗೊಮರಿ ನಗರದಲ್ಲಿ ಅವರು ಬಸ್ ಹತ್ತುವುದನ್ನೇ ಬಿಟ್ಟ ಹೋರಾಟದ ಬಗ್ಗೆ 1957ರಲ್ಲಿ ಹದಿನಾರು ಪುಟದ ಒಂದು ಕಾಮಿಕ್ಸ್ ಅಚ್ಚಾಯಿತು, ಬೆಲೆ 10 ಸೆಂಟ್. ಅದರೊಳಗೆ ನಮ್ಮ ಗಾಂಧೀಜಿಯೂ ಇದ್ದಾರೆ. ಯುವಕ ಲೂಯಿಸ್ ಓದಿ ಪ್ರೇರಣೆ ಪಡೆದದ್ದು ಅದನ್ನೇ. ಅಂತರ್ಜಾಲದಲ್ಲಿ ಓದಲು ಸಿಗುತ್ತದೆ.

ಪಾವಗಡದವಳು

ಟೀಚರಮ್ಮ, ಇಂಗ್ಲಿಷ್‌ನದೇ ಚಿಂತೆಯಾದರೆ ಮ್ಯಾಟ್ ಫೆಲನ್ ಅವರ 'ದಿ ಸ್ಟಾರ್ಮ್ ಇನ್ ದ ಬಾರ್ನ್' ತರಿಸಿ. ಎಷ್ಟೋ ಪುಟಗಳಲ್ಲಿ ಮಾತೇ ಇಲ್ಲ. 1937ರ ಕಾನ್ಸಾಸ್ ರಾಜ್ಯ. ಹುಲ್ಲುಗಾವಲನ್ನೆಲ್ಲ ಉತ್ತು ಗೋಧಿ ಬಿತ್ತಿದ್ದ ನೆಲ, ಮೇಲಿಂದ ಮೇಲೆ ಮಳೆ ಕೈಕೊಟ್ಟು, ದೂಳಾಗಿ ಎದ್ದು ಊರಿಗೆ ಊರನ್ನೇ ಮುಚ್ಚಿದ ಕಾಲ. ಕಥೆಯಲ್ಲಿ ಮಳೆ ಒಂದು ಪಾಳು ಕೊಟ್ಟಿಗೆಯಲ್ಲಿ ಅಡಗಿ ಕೂತಿರುತ್ತದೆ. ಅದನ್ನು ಒಬ್ಬ ಹುಡುಗ ಪತ್ತೆ ಹಚ್ಚುತ್ತಾನೆ. ಅಷ್ಟು ಮಾತ್ರ ಕಲ್ಪನೆ, ದೂಳು ನಿಜ.

ನನ್ನ ಅಮ್ಮನಿಗೆ ಅಕ್ಷರ ಬರುವುದಿಲ್ಲ. ಕಡಲೆಕಾಯಿ ಬಿಡಿಸುತ್ತಾ ಪಕ್ಕದಲ್ಲಿ ಕೂತಿದ್ದವರು ಪುಸ್ತಕ ಕಿತ್ತುಕೊಂಡು ಕೊನೆಯವರೆಗೂ ನೋಡಿದರು. ಆಕಾಶ ನೋಡುತ್ತ ನಿಂತ ಅಪ್ಪನ ಚಿತ್ರದ ಮೇಲೆ ಬೆರಳಿಟ್ಟು, "ಇವನು ಬೀಜ ತಂದು ಇಟ್ಟುಕೊಂಡಿದ್ದಾನೆ" ಎಂದರು. ಆ ಪುಟದಲ್ಲಿ ಬೀಜದ ಮಾತೇ ಇಲ್ಲ.

ಗಣಿ ಕಾರ್ಮಿಕನ ಮಗ

ನಿಮ್ಮ ವಿದ್ಯಾರ್ಥಿನಿಗೆ ಉತ್ತರ: ಇಳಿದರು. 1848ರಲ್ಲಿ ಕ್ಯಾಲಿಫೋರ್ನಿಯದ ಹೊಳೆಗಳಲ್ಲಿ ಕಂಡ ಚಿನ್ನ ಕೆಲವೇ ವರ್ಷಗಳಲ್ಲಿ ಬರಿದಾಯಿತು. ಆಮೇಲೆ ಬಂಡೆ ಒಡೆದೇ ತೆಗೆಯಬೇಕಾಯಿತು. ಅಲ್ಲಿನ ಗ್ರಾಸ್ ವ್ಯಾಲಿ ಊರಿನ ಎಂಪೈರ್ ಗಣಿಗೆ ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ನುರಿತವರು ಬಂದರು. ಅದೇ ಕಾರ್ನ್‌ವಾಲ್‌ನವರು ನಮ್ಮ ಕೆಜಿಎಫ್‌ಗೂ ಬಂದರು, ಮೇಡಂ. ನಿಮ್ಮ ತಾತನ ಹಿಂದಿನ ತಲೆಮಾರು ಅವರ ಕೆಳಗೇ ದುಡಿದಿರಬೇಕು.

ಬಂಗಾರಪೇಟೆ ಟೀಚರ್

ಎಲ್ಲರಿಗೂ ಮನಸಾರೆ ನಮಸ್ಕಾರ. ಕಾರ್ನ್‌ವಾಲ್‌ನ ವಿಷಯ ತರಗತಿಯಲ್ಲಿ ಓದಿ ಹೇಳಿದೆ. ಪ್ರಶ್ನೆ ಕೇಳಿದ ಹುಡುಗಿ ಎದ್ದು ಭೂಪಟದ ಬಳಿ ಹೋಗಿ ಮೂರೂ ಜಾಗ ಹುಡುಕಿದಳು.

'ಮಾರ್ಚ್' ಮೊದಲ ಸಂಪುಟ ತರಿಸಿದ್ದೇನೆ. ಮೊಟ್ಟೆಯ ಪುಟ ಬಂದಾಗ ಹಿಂದಿನ ಬೆಂಚಿನಿಂದ ಒಬ್ಬ, "ನಮ್ಮಜ್ಜಿ ಇದ್ದಿಲಿನಲ್ಲಿ ಗೆರೆ ಎಳೆಯುತ್ತಾರೆ ಮಿಸ್" ಎಂದ. ವರ್ಷವಿಡೀ ಬಾಯಿ ಬಿಡದ ಹುಡುಗ.

ಹದಿನಾರು ಪುಟದ ಕಾಮಿಕ್ಸನ್ನು ಮುದ್ರಿಸಿಕೊಂಡು ಮಕ್ಕಳೇ ಕನ್ನಡದ ಚೀಟಿಗಳನ್ನು ಬರೆದು ಅಂಟಿಸುತ್ತಿದ್ದಾರೆ. ಬಸ್ ಬಹಿಷ್ಕಾರ ಎಂದು ನಾನು ಹಲಗೆಯ ಮೇಲೆ ಬರೆದೆ. ಅದೇ ಹುಡುಗ ಕೇಳಿದ: "ಬಹಿಷ್ಕಾರ ಎಂದರೆ ಊರಿನವರು ನಮ್ಮವರಿಗೆ ಅಂಗಡಿಯಲ್ಲಿ ಸಾಮಾನು ಕೊಡದೆ ಹೊರಗಿಡುವುದಲ್ಲವೇ ಮಿಸ್? ಇಲ್ಲಿ ಇವರೇ ಬಸ್ ಬಿಟ್ಟಿದ್ದಾರಲ್ಲ." ಇಷ್ಟು ವರ್ಷ ಆ ಪದವನ್ನು ಹಲಗೆಯ ಮೇಲೆ ಬರೆದಿದ್ದೇನೆ, ಒಮ್ಮೆಯೂ ಇದು ನನಗೆ ಹೊಳೆದಿರಲಿಲ್ಲ. ಪದವನ್ನು ಅಳಿಸಿದೆ. ಅವರೇ ಕೂತು ಚರ್ಚಿಸಿ ಬೇರೆ ಬರೆದರು. ಈಗ ಆ ಚೀಟಿಯಲ್ಲಿ ಹೀಗಿದೆ: "381 ದಿನ ನಡೆದೇ ಹೋದೆವು. ಬಸ್ ಹತ್ತಲಿಲ್ಲ."